ಗಂಜಿ ಉಳಿಯದ ಕೌದಿ

ನಮ್ಮ ಮನೆಯಲ್ಲಿ ಎರಡು ಗಂಜಿಗಳಿದ್ದವು. ಒಂದು ಅಪ್ಪನದು, ಇನ್ನೊಂದು ಅಜ್ಜಿಯದು. ಅಪ್ಪ ದಾವಣಗೆರೆಯ ಒಂದು ಬಟ್ಟೆ ಮಿಲ್ಲಿನಲ್ಲಿ ನೂಲಿಗೆ ಗಂಜಿ ಹಾಕುವ ಖಾತೆಯಲ್ಲಿದ್ದ. ಬೆಳಗಿನ ರೈಲಿಗೆ ಹರಿಹರದಿಂದ ಹೋಗಿ ಸಂಜೆಯ ರೈಲಿಗೆ ವಾಪಸು ಬರುತ್ತಿದ್ದ. ಅವನ ಅಂಗಿಯ ತೋಳು ಒಣಗಿದ ಗಂಜಿಯಿಂದ ತಗಡಿನ ಹಾಗೆ ಸೆಟೆದಿರುತ್ತಿತ್ತು. ಅವ್ವ ಅದನ್ನು ತೊಳೆಯುವ ಮೊದಲು ಕಲ್ಲಿಗೆ ಬಡಿದರೆ ಬಿಳಿ ಹಿಟ್ಟು ಹಾರುತ್ತಿತ್ತು. ಅಜ್ಜಿಯ ಗಂಜಿ ಹಾಗಲ್ಲ, ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಅಪ್ಪನ ತಾಯಿಯಾದ ಅವಳು ಹತ್ತೂರಿಗೆ ಗೊತ್ತಿದ್ದ ಕೌದಿ ಹೊಲಿಯುವವಳು. ಹಳೆಯ ಸೀರೆಗಳನ್ನು ಅವಳ ಮುಂದೆ ತಂದಿಟ್ಟವರು ಮಾತು ಶುರುಮಾಡುವ ಮೊದಲು ಅವಳು ಒಂದು ಮಾತು ಹೇಳಿಬಿಡುತ್ತಿದ್ದಳು: ಗಂಜಿ ಹಾಕದೆ ನಾನು ಸೂಜಿ ಚುಚ್ಚೋಳಲ್ಲ, ಚುಚ್ಚಿದ ಮೇಲೆ ಗಂಜಿ ಉಳಿಸೋಳೂ ಅಲ್ಲ.

ಹರಿಹರದ ಗುಡಿಯ ಹಿಂದಿನ ಓಣಿ ನಮ್ಮದು; ಓಣಿ ಮುಗಿದಲ್ಲಿ ಹೊಳೆ. ಮನೆಯೆಂದರೆ ಒಂದರ ಹಿಂದೊಂದು ಮೂರು ಕೋಣೆ, ಆಮೇಲೆ ಹಿತ್ತಲು. ಮುಂದಿನ ಪಡಸಾಲೆ ಹೆಸರಿಗೆ ಅಪ್ಪನದಾದರೂ ಅಲ್ಲಿ ಸದಾ ಹಾಸಿರುತ್ತಿದ್ದದ್ದು ಯಾರದೋ ಮನೆಯ ಕೌದಿ. ಬಂದವರು ಅದನ್ನು ತುಳಿಯದೆ ಗೋಡೆಗುಂಟ ಕಾಲಿಟ್ಟು ಒಳಗೆ ಬರಬೇಕು. ನಾನು ಅಕ್ಷರ ಕಲಿತದ್ದು ಆ ಗೋಡೆಗೇ ಒರಗಿ, ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಅಜ್ಜಿಗೆ ಪೋಣಿಸಿಕೊಡಬೇಕಾದ ಸೂಜಿ. ಹಳೆಯ ಸೀರೆ ತೊಳೆದು ತೊಳೆದು ಸೋತಿರುತ್ತದೆ. ಕತ್ತರಿ ಇಟ್ಟರೆ ಜಾರುತ್ತದೆ, ಅಂಚು ಎಳೆ ಬಿಡುತ್ತದೆ. ನಾಲ್ಕು ಪದರ ಹಾಸಿ ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುವಷ್ಟರಲ್ಲಿ ಒಂದೊಂದು ಪದರ ಒಂದೊಂದು ದಿಕ್ಕಿಗೆ ಸರಿದು ಸುಕ್ಕಾಗುತ್ತದೆ. ಅದಕ್ಕೇ ಗಂಜಿ. ಆದರೆ ಅದು ಕೌದಿಯಲ್ಲಿ ಉಳಿದರೆ ಮಳೆಗಾಲದಲ್ಲಿ ಮುಗ್ಗಲು ವಾಸನೆ, ಆಮೇಲೆ ಹುಳ, ಆಮೇಲೆ ಇಲಿ. ತೆಳುವಾಗಿ ಹಾಕಿದ ಗಂಜಿ ಹೊಲಿಗೆ ಮುಗಿದ ಮೇಲೆ ಹೊಳೆಯ ನೀರಿನಲ್ಲಿ ಒಂದೇ ತೊಳೆತಕ್ಕೆ ಹೋಗಿಬಿಡುತ್ತದೆ. ದಪ್ಪಗೆ ಹಾಕಿದ್ದು ಪದರಗಳ ನಡುವೆ ಕೂತರೆ ಯಾವ ಹೊಳೆಗೂ ಜಗ್ಗುವುದಿಲ್ಲ.

ಅಜ್ಜಿಯ ತವರು ನಂದಿಗುಡಿ. ಅಲ್ಲಿ ಭತ್ತ ಬೆಳೆಯುವ ತಮ್ಮ ಸುಗ್ಗಿಯಾದ ಮೇಲೆ ಬಸ್ಸಿನ ಮೇಲೆ ಒಂದು ಚೀಲ ಅಕ್ಕಿನುಚ್ಚು ಹಾಕಿ ಕಳಿಸುತ್ತಿದ್ದ. ಹೊಸ ನುಚ್ಚು ಅಂಟುತ್ತದೆಂದು ಅದನ್ನು ಒಂದು ವರ್ಷ ಹಳತಾಗಲು ಬಿಟ್ಟು, ಹೋದ ವರ್ಷದ ಚೀಲ ಬಿಚ್ಚುತ್ತಿದ್ದಳು. ದೊಡ್ಡ ತಪ್ಪಲೆ ತುಂಬ ನೀರಿಗೆ ಎರಡೇ ಹಿಡಿ ನುಚ್ಚು. ಬೆಂದದ್ದನ್ನು ಹಳೆಯ ಧೋತರದ ಅರಿವೆಯಲ್ಲಿ ಸುರಿದು ಗೂಟಕ್ಕೆ ಕಟ್ಟಿ ಬಿಟ್ಟರೆ ತಾನಾಗಿ ಇಳಿದಷ್ಟೇ ಗಂಜಿ. ಅರಿವೆಯನ್ನು ಹಿಂಡುವಂತಿಲ್ಲ, ಹಿಂಡಿದರೆ ಕಾಳಿನ ಮೈ ಬರುತ್ತದೆ. ಆರುತ್ತ ಆರುತ್ತ ಕಟ್ಟಿದ ಕೆನೆಯನ್ನು ತೆಗೆದು ಮತ್ತೊಮ್ಮೆ ಸೋಸುವುದು. ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ನೆನೆಸಿ ಹಿಂಡಿಕೊಂಡಿರಬೇಕು. ಒಣ ಬಟ್ಟೆ ಬಾಯಾರಿದವರ ಹಾಗೆ ಎಲ್ಲೆಂದರಲ್ಲಿ ಗಂಜಿ ಕುಡಿದು ಕಲೆ ಮಾಡಿಕೊಳ್ಳುತ್ತದೆ, ಒದ್ದೆಯದು ಸಮನಾಗಿ ಕುಡಿಯುತ್ತದೆ. ಆಮೇಲೆ ನೆರಳಿನಲ್ಲಿ ಒಣಗಿಸಿ, ಅರೆ ಒಣಗಿದಾಗ ಇಬ್ಬರು ನಾಲ್ಕು ತುದಿ ಹಿಡಿದು ಎಳೆದು, ಜಾಡಿಸಿ, ಮಡಿಸಿ, ನಾವು ಮಲಗುವ ಹಾಸಿಗೆಯ ಕೆಳಗೆ ಇಡುವುದು. ನಮಗೆ ಇಸ್ತ್ರಿಪೆಟ್ಟಿಗೆ ಇರಲಿಲ್ಲ, ನಮ್ಮ ಮೈಭಾರವೇ ಇಸ್ತ್ರಿ. ಗಂಜಿ ಇಳಿದ ಮೇಲೆ ಅರಿವೆಯಲ್ಲಿ ಉಳಿದ ನುಚ್ಚು ನಮ್ಮ ಊಟವಾಗುತ್ತಿತ್ತು. ಜೋಳದ ರೊಟ್ಟಿಯ ಮನೆಯಲ್ಲಿ ಅನ್ನವೆಂದರೆ ಹಬ್ಬದ ಮಾತು. ಆದರೆ ಆ ಅನ್ನದ ಸತ್ವವೆಲ್ಲ ಯಾರದೋ ಕೌದಿಗೆ ಹೋಗಿರುತ್ತಿತ್ತು. ಒಂದು ದಿನ ಅಪ್ಪ ತಟ್ಟೆ ಸರಿಸಿದ.

“ಮಿಲ್ಲಿಗೆ ಹೋದ್ರೆ ಗಂಜಿ, ಮನಿಗೆ ಬಂದ್ರೆ ಗಂಜಿ ಬಸಿದ ಚರಟ. ಮನುಷ್ಯ ಏನು ಉಣ್ಣಬೇಕವ್ವಾ?”

“ಸಾರು ಹಾಕ್ಕೊಂಡು ಉಣ್ಣು, ಇಳೀತೈತೆ.”

“ನಮ್ಮ ಖಾತೆಗೆ ಬಂದು ನೋಡು. ಎಷ್ಟು ಗಂಜಿ ಕುಡಿಸ್ತೀವೋ ಅಷ್ಟು ಗಟ್ಟಿ ನೂಲು. ನೀನು ನೀರಿನಂಗೆ ಮಾಡಿ ನಾಕು ಸಲ ಸೋಸ್ತೀಯ.”

“ನಿಂದು ಮಾರೋ ಬಟ್ಟೆ ನೋಡಪ್ಪ. ನಂದು ಹೊದಿಯೋ ಬಟ್ಟೆ.”

ಅವ್ವ ಒಲೆಯ ಮುಂದೆ ನಗು ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಪ್ಪ ತಟ್ಟೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಉಂಡ. ಆ ಮನೆಯಲ್ಲಿ ಅಜ್ಜಿಯ ಮಾತೇ ಕೊನೆಯದು.

ನನಗೆ ಬುದ್ಧಿ ಬರುವ ಹೊತ್ತಿಗೆ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ನೆರಳು, ಬಣ್ಣದ ಗುರುತು ಇಷ್ಟೇ ಸಿಗುತ್ತಿತ್ತು. ಆದರೂ ಗಂಜಿಯ ತೀರ್ಪು ಅವಳದೇ. ಒಣಗಿದ ಬಟ್ಟೆಯ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚುತ್ತಿದ್ದಳು. ನಾಲಿಗೆಗೆ ಲೋಳೆ ಹತ್ತಿದರೆ ಆ ಬಟ್ಟೆ ಮತ್ತೆ ಹೊಳೆಗೆ. ಏನೂ ಹತ್ತದೆ ಬಟ್ಟೆ ಮಾತ್ರ ಗರಿಗರಿಯಾಗಿದ್ದರೆ “ಹೂಂ” ಅನ್ನುತ್ತಿದ್ದಳು. ಆ ಒಂದು “ಹೂಂ”ಗಾಗಿ ಅವ್ವ ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಕಾದಿದ್ದಳಂತೆ.

ಅದು ನಾನು ಮಿಡ್ಲ್ ಸ್ಕೂಲಿನ ಕೊನೆಯ ಪರೀಕ್ಷೆಗೆ ಓದುತ್ತಿದ್ದ ವರ್ಷ. ನಮ್ಮ ಓಣಿಯಲ್ಲಿ ಹುಡುಗಿಯರ ಓದು ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಮನೆಯಲ್ಲಂತೂ ಅಪ್ಪ ಸಂಬಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನು. ನಾನು ಹೈಸ್ಕೂಲಿಗೆ ಹೋಗಬೇಕೆಂದು ಹಟ ಹಿಡಿದಿದ್ದೆ. ಅವ್ವ ತಾನು ಏನೂ ಹೇಳಲಾರೆ, ಅಜ್ಜಿಯನ್ನು ಕೇಳು ಎಂದಳು. ಕೇಳಿದೆ. ಅಜ್ಜಿ ಹೊಲಿಗೆಯಿಂದ ಮುಖ ಎತ್ತಲಿಲ್ಲ.

“ಹೈಸ್ಕೂಲಾಗ ಗಂಜಿ ಹಾಕೋದು ಕಲಿಸ್ತಾರೇನು?”

“ಇಲ್ಲಜ್ಜಿ.”

“ಮತ್ತೆ? ನನ್ನ ಕಣ್ಣು ಹೋದ್ವು. ನಿಮ್ಮವ್ವನ ಸೂಜಿ ಚಲೋ ಐತೆ, ಗಂಜಿ ಕೈ ಇಲ್ಲ. ನಾನು ಹೋದ ಮ್ಯಾಲೆ ಈ ಮನಿಯಾಗ ಯಾರು?”

“ಎರಡೂ ಮಾಡ್ತೀನಿ.”

“ಹಂಗಾರ ಒಂದು ಕೆಲಸ ಮಾಡು ನಾಗಿ. ಈಗ ಬರೋ ಕೌದಿ ಗಂಜಿ ನೀನೊಬ್ಬಳೇ ಹಾಕು. ನನ್ನ ನಾಲಿಗಿ ಹೂಂ ಅಂದ್ರೆ ಹೋಗು ಹೈಸ್ಕೂಲಿಗೆ. ಇಲ್ಲಾಂದ್ರೆ ಈ ಮೂಲ್ಯಾಗ ಬಂದು ಕೂಡು.”

ಬಂದದ್ದು ದಾವಣಗೆರೆಯ ಅಕ್ಕಿ ಮಂಡಿಯವರ ಮನೆಯ ಗೌರಮ್ಮನವರ ಕೌದಿ. ಅವರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತೀರಿಹೋದ ತಮ್ಮ ತಾಯಿಯ ಸೀರೆಗಳನ್ನು ಗೌರಮ್ಮ ಒಂದು ಗಂಟು ಕಟ್ಟಿ ತಂದಿದ್ದರು. ಮುತ್ತಜ್ಜಿಯ ಸೀರೆಯ ಮೇಲೆ ಕೂಸು ಮಲಗಬೇಕು ಎಂಬುದು ಅವರ ಆಸೆ. ಆ ಗಂಟಿನ ತಳದಲ್ಲಿ ಒಂದು ಕಪ್ಪು ಚಂದ್ರಕಾಳಿ ಸೀರೆಯಿತ್ತು. “ಇದನ್ನ ನಡುವಿಗೆ, ಮ್ಯಾಲೆ ಕಾಣೋ ಹಂಗ ಹಾಕ್ರಿ ಅಜ್ಜಿ. ನಮ್ಮವ್ವ ಇದನ್ನ ಉಟ್ಕೊಂಡೇ ನನ್ನನ್ನ ಗಂಡನ ಮನಿಗೆ ಕಳಿಸಿದ್ದು” ಎನ್ನುತ್ತ ಅದನ್ನು ಒಮ್ಮೆ ಕೆನ್ನೆಗೆ ಒತ್ತಿಕೊಂಡು ಕೊಟ್ಟರು.

ಗಂಜಿ ಹಾಕಬೇಕಾದ ವಾರವೇ ಅಜ್ಜಿಗೆ ಚಳಿಜ್ವರ ಹಿಡಿಯಿತು. ಕಹಿ ಗುಳಿಗೆ ನುಂಗಿ ನುಂಗಿ ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತ್ತು. ಅವ್ವ ಮಾಡಿದ ಸಾರನ್ನು ಬಾಯಿಗಿಟ್ಟು ಉಪ್ಪೇ ಇಲ್ಲವೆಂದು ಪಕ್ಕಕ್ಕಿಡುವಳು. ಅದೇ ಸಾರು ನನಗೆ ಉಪ್ಪುಪ್ಪಾಗಿರುತ್ತಿತ್ತು. ಇತ್ತ ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ. ಬಿಳಿ, ಹಸಿರು, ಕೆಂಪು ಸೀರೆಗಳಿಗೆ ಅಜ್ಜಿ ಹೇಳಿದಂತೆಯೇ ಗಂಜಿ ಹಾಕಿದೆ, ಎರಡು ದಿನ ಹಿಡಿಯಿತು. ಕೊನೆಗೆ ಉಳಿದದ್ದು ಕಪ್ಪು ಸೀರೆ. ಅಷ್ಟರಲ್ಲಿ ನನಗೆ ಸಾಕಾಗಿತ್ತು. ಅಪ್ಪನ ಮಾತು ತಲೆಯಲ್ಲಿತ್ತು: ಎಷ್ಟು ಕುಡಿಸಿದರೆ ಅಷ್ಟು ಗಟ್ಟಿ. ನುಚ್ಚು ನಾಲ್ಕು ಹಿಡಿ ಹಾಕಿದೆ. ಅರಿವೆಯಿಂದ ಹನಿ ಹನಿಯಾಗಿ ಇಳಿಯುವುದನ್ನು ಕಾಯಲಾರದೆ ಎರಡೂ ಕೈಯಲ್ಲಿ ಹಿಂಡಿದೆ. ಸೀರೆಯನ್ನು ಮೊದಲು ನೀರಿಗೆ ಹಾಕದೆ ಒಣದಾಗಿಯೇ ಗಂಜಿಗೆ ಅದ್ದಿದೆ, ಬೇಗ ಒಣಗಲೆಂದು ಬಿಸಿಲಿಗೆ ಹರವಿ ಭೂಗೋಳದ ಪುಸ್ತಕ ಹಿಡಿದು ಕೂತೆ. ಮಧ್ಯಾಹ್ನ ಹೋಗಿ ನೋಡಿದರೆ ಕಪ್ಪು ಸೀರೆಯ ತುಂಬ ಯಾರೋ ವಿಭೂತಿ ಬಳಿದ ಹಾಗೆ ಬಿಳಿ ಪಟ್ಟೆ. ಅಂಗೈಯಿಂದ ಉಜ್ಜಿದೆ, ಜಾಡಿಸಿದೆ. ಮೇಲ್ಮೈಯ ಪುಡಿ ಉದುರಿತು, ಎಳೆಯ ಸಂದಿಯದು ಉದುರಲಿಲ್ಲ. ಒಂದು ಮಗ್ಗಲು ಸುಮಾರಾಗಿ ಸ್ವಚ್ಛವಾಗಿತ್ತು. ಅದನ್ನು ಮೇಲೆ ಮಾಡಿ ಮಡಿಸಿ ಅಜ್ಜಿಯ ಹಾಸಿಗೆಯ ಹತ್ತಿರ ಒಯ್ದೆ. ಅವತ್ತೇ ಯಾಕೆ ಒಯ್ದೆ, ಜ್ವರ ಬಿಡುವವರೆಗೆ ಯಾಕೆ ಕಾಯಲಿಲ್ಲ ಎಂದು ಯಾರೂ ನನ್ನನ್ನು ಕೇಳಲಿಲ್ಲ. ನನಗೆ ಗೊತ್ತಿತ್ತು.

ಅಜ್ಜಿ ಒರಗಿಕೊಂಡೇ ತುದಿಯನ್ನು ನಾಲಿಗೆಗೆ ಮುಟ್ಟಿಸಿದಳು. ಕಣ್ಣು ಮುಚ್ಚಿದಳು.

“ಹೂಂ.”

ಮಾರನೆಯ ದಿನವೇ ಪದರಗಳನ್ನು ಹಾಸಿದೆವು. ಕಪ್ಪು ಸೀರೆಯ ಕೆಟ್ಟ ಮಗ್ಗಲನ್ನು ನಾನೇ ಒಳಕ್ಕೆ ಹಾಕಿ, ಪದರ ಸರಿಯದಂತೆ ದೂರ ದೂರ ಹೊಲಿಗೆಯಲ್ಲಿ ಟಾಕಿದೆ. ಅವ್ವ ನಡುವಿನ ಹೊಲಿಗೆಗೆ ಬಂದಾಗ ಸೂಜಿ ಬಿಗಿ ಹಿಡಿಯತೊಡಗಿತು. ಎಳೆದು ನೋಡಿದರೆ ಹೆಬ್ಬೆರಳ ಮೇಲೆ ಬಿಳಿ ಪುಡಿ. ಅವ್ವ ಬೆರಳನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗಿಗೆ ಒರೆಸಿಕೊಂಡು ಹೊಲಿಗೆ ಮುಂದುವರಿಸಿದಳು. ನನ್ನ ಗುಟ್ಟೂ ನನ್ನ ಹೈಸ್ಕೂಲೂ ಅವಳ ಸೆರಗಿನಲ್ಲಿ ಸೇರಿಹೋದ ಹಾಗಾಯಿತು. ಅಷ್ಟರಲ್ಲಿ ಅಜ್ಜಿಯ ಜ್ವರ ಬಿಟ್ಟಿತು, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಅವ್ವನನ್ನು ಬೈಯತೊಡಗಿದಳು. ಬೈಗುಳ ಕೇಳಿ ಅವ್ವನಿಗೆ ಸಮಾಧಾನ, ನನಗೆ ಭಯ. ಆದರೆ ಸೀರೆಯ ಕೆಟ್ಟ ಮಗ್ಗಲು ಆಗಲೇ ಪದರಗಳೊಳಗೆ ಸೇರಿಬಿಟ್ಟಿತ್ತು. ಇನ್ನು ಯಾವ ನಾಲಿಗೆಯೂ ಅದನ್ನು ಮುಟ್ಟುವಂತಿರಲಿಲ್ಲ. ನಾನು ಗೆದ್ದಿದ್ದೆ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಪಾಠ ಬಾಯಿಪಾಠ ಮಾಡುತ್ತಿದ್ದಾಗ ಅಜ್ಜಿ ಪಕ್ಕದ ಮನೆಯಾಕೆಗೆ ಗೋಡೆಯ ಮೇಲಿಂದ ಹೇಳುವುದು ಕೇಳಿಸಿತು.

“ನಮ್ಮ ನಾಗಿ ಕೈ ನನ್ನ ಕೈಗಿಂತ ತೆಳು ಕಣೇ. ಕರೇ ಸೀರಿಗೆ ಗಂಜಿ ಹಾಕ್ಯಾಳ, ನನ್ನ ನಾಲಿಗಿಗೆ ಏನಂದ್ರೆ ಏನೂ ಹತ್ಲಿಲ್ಲ. ನಲವತ್ತು ವರ್ಷದಾಗ ನನಗಾಗಿಲ್ಲ ಅಷ್ಟು ತೆಳು!”

ಅಜ್ಜಿ ತನ್ನ ಜೀವಮಾನದಲ್ಲಿ ಯಾರನ್ನೂ ಹೀಗೆ ಹೊಗಳಿದ್ದು ನಾನು ಕೇಳಿರಲಿಲ್ಲ. ಬೈದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಪುಸ್ತಕ ಮಡಿಸಿಟ್ಟು ಅವಳು ಪಡಸಾಲೆಗೆ ಬಂದು ಕೂರುವವರೆಗೆ ಕಾದೆ.

“ಅಜ್ಜಿ, ಕರೇ ಸೀರಿ ಗಂಜಿ ದಪ್ಪ ಆಗೈತೆ. ಬಿಳಿ ಕೂತೈತೆ. ಆ ಮಗ್ಗಲು ಒಳಗೆ ಹಾಕೀನಿ.”

“ನಾನು ನಾಲಿಗಿ ಹಚ್ಚಿದ್ನಲ್ಲ.”

“ಆಗ ನಿನಗೆ ರುಚಿ ಗೊತ್ತಾಗ್ತಿರ್ಲಿಲ್ಲ.”

“ಅದು ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

ಅವಳು ಕೈ ಚಾಚಿ ಕೌದಿಯ ನಡುವನ್ನು ತಡವಿದಳು. ಹೊಡೆಯುತ್ತಾಳೆ ಎಂದುಕೊಂಡು ಹತ್ತಿರವೇ ಕೂತಿದ್ದೆ. ಹೊಡೆಯಲಿಲ್ಲ. ತನ್ನ ನಾಲಿಗೆಯನ್ನು ಬೆರಳಿನಿಂದ ಒಮ್ಮೆ ಒರೆಸಿಕೊಂಡಳು, ಅದು ಯಾರದೋ ವಸ್ತು ಎನ್ನುವ ಹಾಗೆ. ಆಮೇಲೆ ಅವ್ವನನ್ನು ಕೂಗಿ ಕತ್ತರಿ ತರಲು ಹೇಳಿದಳು.

ಎರಡು ವಾರದ ಹೊಲಿಗೆಯನ್ನು ಬಿಚ್ಚಿದೆವು. ಕೌದಿಯ ಹೊಲಿಗೆ ಬಿಚ್ಚುವುದು ಹಾಕುವುದಕ್ಕಿಂತ ಕಷ್ಟ. ದಾರವನ್ನು ಜಗ್ಗಬಾರದು, ಒಂದೊಂದೇ ಹೊಲಿಗೆಯನ್ನು ಕತ್ತರಿಸಿ ಎತ್ತಬೇಕು. ಬೆಳಗಿನಿಂದ ಸಂಜೆಯವರೆಗೆ ಬಾಗಿಲಿನ ಬೆಳಕಿನಲ್ಲಿ ಕೂತು ಬಿಚ್ಚುತ್ತಿದ್ದೆ. ಅವ್ವ ಪಕ್ಕದಲ್ಲಿ ಕೂತು ನನ್ನ ಚರಿತ್ರೆಯ ಪುಸ್ತಕವನ್ನು ನನಗೆ ಕಾಣುವ ಹಾಗೆ ಹಿಡಿದಿರುತ್ತಿದ್ದಳು. ಓದು ಬಾರದ ಅವಳು ನಾನು “ಹಾಳೆ” ಎಂದಾಗೆಲ್ಲ ಹಾಳೆ ತಿರುಗಿಸುತ್ತಿದ್ದಳು, ಎರಡು ಸಲ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಳು. ಕಪ್ಪು ಸೀರೆಯನ್ನು ಅಜ್ಜಿಯೇ ಹೊಳೆಗೆ ಒಯ್ದಳು. ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದಳು. ಬೇಸಿಗೆಯ ಹೊಳೆ ಒಂದು ಕವಲಾಗಿ ಹರಿಯುತ್ತಿತ್ತು. ಸೀರೆಯನ್ನು ಕಲ್ಲಿಗೆ ಬಡಿಯದೆ ನೀರಿನಲ್ಲಿ ಉದ್ದಕ್ಕೆ ಬಿಟ್ಟು, ಒಂದು ತುದಿಯನ್ನು ಕಾಲಿನ ಕೆಳಗೆ ಒತ್ತಿಕೊಂಡು, ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಗಾಗ ತುದಿ ಎತ್ತಿ ನಾಲಿಗೆಗೆ ಹಚ್ಚುವಳು, ಮತ್ತೆ ಬಿಡುವಳು. ಬಿಸಿಲು ನೆತ್ತಿಗೆ ಬರುವವರೆಗೆ ನಾವು ಹಾಗೇ ನಿಂತಿದ್ದೆವು. ಹೊಸ ಗಂಜಿಯನ್ನು ಅವಳೇ ಹಾಕಿದಳು. ನಾನು ತಪ್ಪಲೆ ಎತ್ತಲು ಹೋದರೆ ಕೈ ಸರಿಸಿದಳು.

ಇಷ್ಟೆಲ್ಲ ಆಗುವಷ್ಟರಲ್ಲಿ ಗೌರಮ್ಮನವರ ಮಗಳಿಗೆ ಹೆರಿಗೆಯಾಗಿಬಿಟ್ಟಿತು. ಕೂಸು ಬೇರೆ ಯಾವುದೋ ಬಟ್ಟೆಯ ಮೇಲೆ ಮಲಗಿತು. ಕೌದಿ ಮುಗಿದು ಹೊಳೆಯಲ್ಲಿ ತೊಳೆದು ಒಣಗಿದ ಮೇಲೆ ಗೌರಮ್ಮ ಅದನ್ನು ಒಯ್ಯಲು ಬಂದರು. ಪರೀಕ್ಷೆ ಮುಗಿಸಿ ನಾನೂ ಮನೆಯಲ್ಲಿದ್ದೆ. ಅವತ್ತು ಮಿಲ್ಲಿಗೆ ರಜೆ, ಅಪ್ಪನೂ ಇದ್ದ.

“ಬರ್ರಿ ಗೌರಮ್ಮಾರೇ, ಕೂಡ್ರಿ.”

“ಕೂಡ್ರೋದೇನು ಅಜ್ಜಿ, ಕೂಸು ಹೆಸರಿಡೋ ದಿನ ಬಂತು. ಹರಿಹರದ ಕೌದಿ ದಾವಣಗೆರಿಗೆ ಬರ್ಲೇ ಇಲ್ಲ ಅಂತ ನಮ್ಮ ಬೀಗರು ನಗ್ತಾರೆ. ನಿಮ್ಮ ಹೆಸರು ಹೇಳಿದ್ದಕ್ಕೆ ನನ್ನ ಮೂಗು ಕೊಯ್ಸಿಬಿಟ್ರಲ್ಲ.”

“ತಪ್ಪಾಗೈತ್ರಿ. ಕರೇ ಸೀರಿಗೆ ಗಂಜಿ ದಪ್ಪ ಕೂತಿತ್ತು. ಹೂಂ ಅಂದದ್ದು ನನ್ನ ನಾಲಿಗಿ. ಬಿಚ್ಚಿ ಮತ್ತೆ ಮಾಡಿದ್ವಿ.”

“ನಿಮ್ಮ ನಾಲಿಗಿ ಯಾವಾಗ ತಪ್ಪಿತ್ತು, ಅಜ್ಜಿ?”

“ಈಗ ತಪ್ಪೈತೆ.”

 ಗೌರಮ್ಮ ಕೌದಿ ಬಿಡಿಸಿ, ನಡುವಿನ ಕಪ್ಪನ್ನು ತಡವಿ ನೋಡಿ, ಕೆನ್ನೆಗೆ ಒತ್ತಿಕೊಂಡರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಮುಂದೆ ಬಂದು “ನಾನು ಮಾಡಿದ್ದು” ಎನ್ನಬೇಕಿತ್ತು. ಅನ್ನಲಿಲ್ಲ. ಅಜ್ಜಿಗೆ ಹೇಳಿದ ಮೇಲೆ ನನ್ನಲ್ಲಿ ಅಷ್ಟು ಧೈರ್ಯ ಉಳಿದಿರಲಿಲ್ಲ. ಅವರು ಹೋದ ಮೇಲೆ ಅಜ್ಜಿ ಅಪ್ಪನ ಕಡೆ ತಿರುಗಿದಳು.

“ಇವಳ ಕೈ ಗಂಜಿಗೆ ಆಗಲ್ಲ. ಹೈಸ್ಕೂಲಿಗಾದ್ರೂ ಹಾಕು.”

ಆ “ಆದ್ರೂ” ಎಂಬುದನ್ನು ನಾನು ಇಡೀ ಹೈಸ್ಕೂಲು ಹೊತ್ತುಕೊಂಡು ತಿರುಗಿದೆ. ಅದು ಶಿಕ್ಷೆಯೋ, ನಾನು ಬಾಯಿಬಿಟ್ಟು ಹೇಳಿದ್ದಕ್ಕೆ ಕೊಟ್ಟ ಬಹುಮಾನವೋ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಆಮೇಲೆ ಅಜ್ಜಿ ನನಗೆ ಗಂಜಿಯ ತಪ್ಪಲೆಯನ್ನು ಮುಟ್ಟಗೊಡಲಿಲ್ಲ. ಬಟ್ಟೆಯ ತುದಿ ಹಿಡಿದು ಎಳೆಯಲು ಕೂಡ ಪಕ್ಕದ ಮನೆಯಾಕೆಯನ್ನು ಕೂಗುತ್ತಿದ್ದಳು. ನಾನು ಓದಿದೆ. ಸಿಟ್ಟಿನಿಂದ ಓದಿದೆ ಎಂದರೂ ಸರಿ. ಅಪ್ಪನ ಜೊತೆ ಅದೇ ಬೆಳಗಿನ ರೈಲು ಹತ್ತಿ ದಾವಣಗೆರೆಯ ಕಾಲೇಜಿಗೆ ಹೋದೆ. ಸ್ಟೇಷನ್ನಿನಲ್ಲಿ ಇಳಿದು ಅವನು ಮಿಲ್ಲಿನ ಕಡೆ, ನಾನು ಕಾಲೇಜಿನ ಕಡೆ. ನಮ್ಮ ಮನೆಯಲ್ಲಿ, ನಮ್ಮ ಓಣಿಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ, ಯಾರೂ ಸುಮ್ಮನೆ ಕೊಟ್ಟದ್ದಲ್ಲ ಅದು.

ಕಾಲೇಜಿನ ಮೊದಲ ವರ್ಷ ರಸಾಯನಶಾಸ್ತ್ರದ ಪ್ರಯೋಗದಲ್ಲಿ ಗಂಜಿನೀರಿಗೆ ಒಂದು ಹನಿ ಅಯೋಡಿನ್ ಹಾಕಿಸಿದರು. ಕಂದು ಹನಿ ನೀರಿಗೆ ಬಿದ್ದದ್ದೇ ಕಡುನೀಲಿಯಾಯಿತು. ಪಿಷ್ಟ ಎಷ್ಟು ಕಡಿಮೆ ಇದ್ದರೂ ಇದು ಹಿಡಿದುಕೊಡುತ್ತದೆ ಎಂದರು ಮೇಷ್ಟ್ರು. ಉಳಿದವರು ಬರೆದುಕೊಂಡರು. ನನಗೆ ಹೊಳೆಯಲ್ಲಿ ನಿಂತ ಅಜ್ಜಿ ಕಂಡಳು. ಆ ವಾರ ಔಷಧದ ಅಂಗಡಿಯಿಂದ ಗಾಯಕ್ಕೆ ಹಚ್ಚುವ ಟಿಂಚರಿನ ಒಂದು ಸಣ್ಣ ಬಾಟಲಿ ಕೊಂಡು ಮನೆಗೆ ಒಯ್ದೆ. ಅಜ್ಜಿಯ ಕಣ್ಣು ಆಗ ಪೂರ್ತಿ ಹೋಗಿತ್ತು. ತಾನೇ ಹೊಲಿದ ಬಿಳಿ ಅಂಚಿನ ಕೌದಿಯನ್ನು ಕಾಲ ಮೇಲೆ ಹಾಕಿಕೊಂಡು ಅದೇ ಮೂಲೆಯಲ್ಲಿ ಕೂತಿದ್ದಳು. ಕಾಲೇಜಿನಲ್ಲಿ ಕಲಿತದ್ದನ್ನು ಹೇಳಿ, ಕೌದಿಯ ತುದಿಗೆ ಒಂದು ಹನಿ ಹಾಕಲೇ ಎಂದೆ. ಹಾಕು ಎಂದಳು.

“ಏನಾತು?”

“ಕಂದು ಹನಿ ಕಂದಾಗೇ ಐತೆ ಅಜ್ಜಿ. ನೀಲಿ ಆಗ್ಲಿಲ್ಲ. ಒಂದು ಚೂರೂ ಗಂಜಿ ಇಲ್ಲ.”

“ಇದನ್ನ ತಿಳ್ಕಳಾಕ ನಿಮ್ಮ ಕಾಲೇಜಿಗೆ ಇಷ್ಟು ವರ್ಷ ಬೇಕಾತೇನು?” ಎಂದು ನಕ್ಕಳು. ಆಮೇಲೆ ಮೂಗು ಅರಳಿಸಿದಳು. “ಏನೋ ಮದ್ದಿನ ವಾಸನಿ. ಕಲೆ ಆತೇನು?”

“ಆತು.”

“ತೊಳಿ ಹೋಗು.”

ಹೊಳೆಗೆ ಒಯ್ದು ಸಾಬೂನು ಹಚ್ಚಿ ಎರಡು ಸಲ ತೊಳೆದೆ. ಒಣಗಿಸಿ ತಂದು ಅವಳ ಕೈಗಿಟ್ಟೆ. ಅವಳು ಆ ತುದಿಯನ್ನೇ ಹುಡುಕಿ ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದಳು. ಬಿಳಿ ಅಂಚಿನ ಮೇಲೆ ಹಳದಿ ಕಲೆ ಕಾಸಿನಗಲ ನನ್ನ ಎದುರಿಗೇ ಇತ್ತು.

“ಹೂಂ. ಹೋಗೈತೆ.”

“ಇಲ್ಲಜ್ಜಿ. ಹೋಗಿಲ್ಲ. ಕಲೆ ಉಳಿದೈತೆ.”

ಅಜ್ಜಿ ಕಣ್ಣು ತೆರೆದಳು. ಕಾಣದ ಕಣ್ಣಿನಿಂದಲೇ ನನ್ನ ಕಡೆ ಮುಖ ತಿರುಗಿಸಿದಳು. ಆಮೇಲೆ ಕಲೆಯಿದ್ದ ತುದಿಯನ್ನು ಮೇಲೆ ಬರುವ ಹಾಗೆ ತಿರುಗಿಸಿ ಕೌದಿಯನ್ನು ಕಾಲ ಮೇಲೆ ಎಳೆದುಕೊಂಡಳು.

“ಇರ್ಲಿ ಬಿಡು,” ಎಂದಳು. “ಅದು ನಿಂದು.”